ಬಿ.ಬಿ. ಕಿಂಗ್ ಅಂದ್ರೆ ಪ್ರಾಣ. 30 ಸಾವಿರದೊಳಗೆ ಯಾವ ಸೆಮಿ-ಹಾಲೋ ಗಿಟಾರ್ ತಗೊಳ್ಳಲಿ?

ಪಿಜಿ ರೂಮು, ಕೈಯಲ್ಲಿ 30 ಸಾವಿರ, ತಲೆ ತುಂಬ ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್, ಮೈಮೇಲೆ ಇಂಗ್ಲಿಷ್ ಎಫ್ ಆಕಾರದ ಎರಡು ತೂತಿರುವ ಸೆಮಿ-ಹಾಲೋ, ಅಂದರೆ ಅರ್ಧ ಟೊಳ್ಳು ಗಿಟಾರೇ ಬೇಕು ಅನ್ನೋ ಹಠ. ನಿಮ್ಮ ಪ್ರಶ್ನೆ ಓದುತ್ತಾ ನನಗೆ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. 2012ರಲ್ಲಿ ನಾನು ಹೀಗೇ ಇದ್ದೆ. ಆ ತೂತಿಗೆ ನಾನು ಕೊಟ್ಟ ಬೆಲೆ 13 ಸಾವಿರ ರೂಪಾಯಿ ಮತ್ತು ಒಂದು ಇಡೀ ಗಣೇಶನ ಸೀಸನ್ನು.

ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್. ಗಣೇಶ, ಅಣ್ಣಮ್ಮ, ರಾಜ್ಯೋತ್ಸವ, ಎಲ್ಲಿ ಪೆಂಡಾಲ್ ಹಾಕಿದ್ದರೋ ಅಲ್ಲಿ ನಾವು. ನನ್ನ ಬಳಿ ಇದ್ದದ್ದು ಒಂದು ಸಾದಾ ಸಾಲಿಡ್ ಬಾಡಿ, ಅಂದರೆ ಟೊಳ್ಳಿಲ್ಲದ ಗಟ್ಟಿ ಮೈಯ ಗಿಟಾರ್. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು, ಆದರೆ ನೋಡಲು ಹಲಗೆ. ರಾತ್ರಿ ಊಟ ಮುಗಿಸಿ ಯೂಟ್ಯೂಬ್ ಹಾಕಿದರೆ ಕಿಂಗ್. ಒಂದೇ ಸ್ವರ ಹಿಡಿದು, ಎಡಗೈಯನ್ನು ಚಿಟ್ಟೆಯ ಹಾಗೆ ಪಟಪಟ ಅಲ್ಲಾಡಿಸಿದರೆ ಎದೆ ಝಲ್ ಅನ್ನುತ್ತಿತ್ತು. ಆ ಸ್ವರ ಆ ಗುಂಡನೆಯ ಕರೀ ಗಿಟಾರಿನ ಹೊಟ್ಟೆಯಿಂದ ಬರುತ್ತಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಫೋನಿನ ವಾಲ್‌ಪೇಪರಿನಲ್ಲೂ ಅವನೇ, ಕಣ್ಣು ಮುಚ್ಚಿ, ಗಿಟಾರ್ ತಬ್ಬಿಕೊಂಡು. ಆ ವಾಲ್‌ಪೇಪರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಳೇ ಗಿಟಾರನ್ನು 9,000ಕ್ಕೆ ಮಾರಿದೆ, ಸಂಬಳದಿಂದ ಉಳಿದದ್ದು ಸೇರಿಸಿದೆ, ಒಂದು ಅಂಗಡಿಗೆ ಹೋದೆ. ಗೋಡೆಯ ಮೇಲೆ ಅದು ತೂಗುತ್ತಿತ್ತು. ಮೇಲೆ ಎರಡು ಗುಂಡನೆಯ ಕೊಂಬು, ಎರಡು ಎಫ್ ತೂತು, ಕಡುಗೆಂಪು ಬಣ್ಣ. "ಸೆಮಿ-ಹಾಲೋ ಸರ್, ಸೇಮ್ ಬಿ.ಬಿ. ಕಿಂಗ್" ಅಂದ ಹುಡುಗ. ಕೈಗೆತ್ತಿಕೊಂಡರೆ ಹೂವಿನಷ್ಟು ಹಗುರ. ಆ ಹಗುರವನ್ನೇ ಗುಣ ಅಂದುಕೊಂಡೆ ನೋಡಿ. 27,000 ಎಣಿಸಿ ಕೊಟ್ಟು ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ.

ಮನೆಯಲ್ಲಿ ಒಂದು ತಿಂಗಳು ಸ್ವರ್ಗ. ಗಿಟಾರಿನ ಸದ್ದು ಏರಿಸುವ 10 ವ್ಯಾಟಿನ ಪುಟ್ಟ ಆಂಪ್, ಪಕ್ಕದ ಮನೆಯವರಿಗೆ ಕೇಳಿಸದಷ್ಟು ವಾಲ್ಯೂಮ್. ಗಿಟಾರ್ ಹಾಡುತ್ತಿತ್ತು, ಸುಳ್ಳಲ್ಲ.

ಆಮೇಲೆ ಗಣೇಶನ ಹಬ್ಬ ಬಂತು. ಹಾಸನದ ಹತ್ತಿರದ ಒಂದು ಊರು. ಚಿಕ್ಕ ಸ್ಟೇಜು, ಮೇಲೆ ಹತ್ತು ಜನ. ನನ್ನ ಬೆನ್ನ ಹಿಂದೆ ಎರಡಡಿ ದೂರದಲ್ಲಿ ದೊಡ್ಡ ಆಂಪ್, ಮುಂದೆ ಕಾಲ ಬುಡದಲ್ಲಿ ಮಾನಿಟರ್. ಅಣ್ಣಾವ್ರ ಹಾಡಿನಿಂದ ಶುರು. ಸೌಂಡ್‌ನವನು ವಾಲ್ಯೂಮ್ ಏರಿಸಿದ. ನಾನು ದಪ್ಪ ತಂತಿಯ ಮೇಲೆ ಒಂದು ಸ್ವರ ಹಾಕಿ ಬಿಟ್ಟೆ. ಅದು ನಿಲ್ಲಲಿಲ್ಲ. ಹೂಂ... ಅಂತ ಶುರುವಾಗಿ ದಪ್ಪವಾಗುತ್ತಾ ಹೋಯಿತು. ತಂತಿ ಮೇಲೆ ಕೈ ಒತ್ತಿದರೆ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಹೂಂ. ಮೈಕ್ ಕುಂಯ್ ಅನ್ನುತ್ತದಲ್ಲ, ಅದರ ಅಣ್ಣ ಇದು. ಹಾಡುಗಾರ ಪಲ್ಲವಿಯ ಮಧ್ಯೆ ತಿರುಗಿ ನೋಡಿದ. ಮುಂದಿನ ಸಾಲಿನ ಹುಡುಗರು ಅದೇ ದನಿಯಲ್ಲಿ ಹೂಂ ಅನ್ನಲು ಶುರು ಮಾಡಿದರು.

ಬ್ರೇಕಿನಲ್ಲಿ ನಮ್ಮ ಲೀಡರ್ ಬಂದರು. "ಏನಪ್ಪಾ ಅದು, ಎಮ್ಮೆ ಅರಚಿದ ಹಾಗೆ? ನಿನ್ನ ಹಳೇ ಗಿಟಾರ್ ಎಲ್ಲಿ?"

"ಮಾರಿಬಿಟ್ಟೆ ಅಣ್ಣ."

ಅವರು ಏನೂ ಅನ್ನಲಿಲ್ಲ. ಮುಂದಿನ ಎಂಟು ಪ್ರೋಗ್ರಾಮಿಗೆ ಬೇರೆ ಹುಡುಗನನ್ನು ಕರೆದರು, ಅಷ್ಟೇ. ಆ ರಾತ್ರಿ ಉಳಿದ ಹಾಡುಗಳನ್ನು ಹೇಗೆ ಮುಗಿಸಿದೆ ಗೊತ್ತಾ? ಲಾಡ್ಜಿನ ಟವಲ್ ಹರಿದು, ಪೆನ್ನಿನಿಂದ ಎರಡೂ ತೂತಿಗೆ ತುರುಕಿದೆ. ಅರಚಾಟ ಅರ್ಧಕ್ಕೆ ಇಳಿಯಿತು. ಟವಲ್ ದುಡ್ಡು ಲಾಡ್ಜಿನವರು ಬೇರೆ ಹಿಡಿದುಕೊಂಡರು.

ಈಗ ತಪ್ಪು ಏನು ಅಂತ ಹೇಳುತ್ತೇನೆ. ಸ್ವಲ್ಪ ಜಾಸ್ತಿಯೇ ಕೊರೆಯುತ್ತೇನೆ, ಸಹಿಸಿಕೊಳ್ಳಿ. ನಾನು ತಂದದ್ದು ಸೆಮಿ-ಹಾಲೋ ಆಗಿರಲಿಲ್ಲ. ಪೂರ್ತಿ ಟೊಳ್ಳು. ಹೊರಗಿನಿಂದ ಎರಡೂ ಅಣ್ಣ ತಮ್ಮಂದಿರು. ಗಿಬ್ಸನ್ ಕಂಪನಿಯವರು 1958ರಲ್ಲಿ ಇಎಸ್-335 ತಂದರು. ಅದರ ಹೊಟ್ಟೆಯೊಳಗೆ ನಟ್ಟನಡುವೆ, ಉದ್ದಕ್ಕೂ ಒಂದು ಮೇಪಲ್ ಮರದ ದಿಮ್ಮಿ. ತಂತಿಯ ಅದುರಾಟ ಹಿಡಿದು ಆಂಪಿಗೆ ಕಳಿಸುವ ಪಿಕಪ್, ತಂತಿಗಳನ್ನು ಹೊರುವ ಬ್ರಿಡ್ಜು ಎಲ್ಲ ಆ ದಿಮ್ಮಿಯ ಮೇಲೆ ಕೂತಿರುತ್ತವೆ, ಎರಡು ಪಕ್ಕ ಮಾತ್ರ ಟೊಳ್ಳು. ಮರುವರ್ಷವೇ ಅದೇ ಆಕಾರದಲ್ಲಿ ಇಎಸ್-330 ಬಂತು. ಅದರಲ್ಲಿ ದಿಮ್ಮಿ ಇಲ್ಲ. ಎಪಿಫೋನ್ ಕಂಪನಿಯ ಕಸೀನೋ ಕೂಡ ಇದೇ ಟೊಳ್ಳಿನ ಜಾತಿ. ಬೀಟಲ್ಸ್ ಹುಡುಗರು ನುಡಿಸಿದ್ದು ಅದನ್ನೇ. ಕೆಟ್ಟ ಗಿಟಾರಲ್ಲ, ಬಹಳ ಒಳ್ಳೆಯ ಗಿಟಾರ್. ಆದರೆ ಗಣೇಶನ ಪೆಂಡಾಲಿಗೆ ಆಗಿ ಬರುವುದಿಲ್ಲ.

ಯಾಕೆ ಅಂದರೆ, ಆಂಪಿನ ಸದ್ದು ಗಾಳಿಯಲ್ಲಿ ಬಂದು ಗಿಟಾರಿನ ಮೇಲ್ಪದರಕ್ಕೆ ಬಡಿಯುತ್ತದೆ. ಟೊಳ್ಳು ಗಿಟಾರಿನ ಮೇಲ್ಪದರ ತೆಳು ಹಲಗೆ, ತಮಟೆಯ ಹಾಗೆ ಅದುರುತ್ತದೆ. ಅದರ ಜೊತೆ ಬ್ರಿಡ್ಜು ಅದುರುತ್ತದೆ, ತಂತಿ ಅದುರುತ್ತದೆ. ಅದನ್ನು ಪಿಕಪ್ ಹಿಡಿದು ವಾಪಸ್ ಆಂಪಿಗೆ ಕೊಡುತ್ತದೆ. ಆಂಪ್ ಇನ್ನೂ ಜೋರಾಗಿ ಕೂಗುತ್ತದೆ. ಸುತ್ತು ಸುತ್ತು ಸುತ್ತು. ನಡುವೆ ದಿಮ್ಮಿ ಇದ್ದರೆ ಈ ತಮಟೆಯ ಬಾಯಿಗೆ ಕೈ ಇಟ್ಟ ಹಾಗೆ. ವಾಲ್ಯೂಮ್ ವಿಪರೀತ ಏರಿಸಿದರೆ ಅದೂ ಕೂಗುತ್ತದೆ, ಆದರೆ ಅಲ್ಲಿಯವರೆಗೆ ಮರ್ಯಾದೆ ಉಳಿಸುತ್ತದೆ. ಮನೆಯಲ್ಲಿ 10 ವ್ಯಾಟಿನ ಆಂಪಿನ ಮುಂದೆ ಈ ಸುತ್ತು ಶುರುವೇ ಆಗುವುದಿಲ್ಲ. ಅದಕ್ಕೇ ನನಗೆ ಒಂದು ತಿಂಗಳು ಗೊತ್ತಾಗಲಿಲ್ಲ.

ಅದು ಸಾಲದು ಅಂತ ನನ್ನದರಲ್ಲಿ ಇದ್ದದ್ದು ಪಿ-90 ಪಿಕಪ್ಪು. ಒಂದೇ ಸುರುಳಿ. ಸೀರಿಯಲ್ ಸೆಟ್ಟು, ಅರ್ಥಿಂಗ್ ಇಲ್ಲದ ಪೆಂಡಾಲ್ ಕರೆಂಟು, ಎಲ್ಲವೂ ಅದರಲ್ಲಿ ಜುಂಯ್ ಅಂತ ಕೇಳುತ್ತಿತ್ತು. ಎರಡು ಸುರುಳಿಯ ಹಂಬಕರ್ ಪಿಕಪ್ ಆಗಿದ್ದರೆ ಆ ಜುಂಯ್ ಬಹುಪಾಲು ಅಲ್ಲೇ ಸಾಯುತ್ತಿತ್ತು. ಹೆಸರೇ ಹೇಳುತ್ತದಲ್ಲ, ಹಂ ಅನ್ನುವುದನ್ನು ನಿಲ್ಲಿಸುವುದಕ್ಕೇ ಅದನ್ನು ಮಾಡಿದ್ದು.

ಗೊತ್ತಾಗಬೇಕಾದ ಸುಳಿವು ಎಲ್ಲ ಕಣ್ಣೆದುರೇ ಇತ್ತು. ಹಗುರ ಇತ್ತು. ಕುತ್ತಿಗೆ ಮೈಗೆ ಸೇರುವ ಜಾಗ 16ನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಹತ್ತಿರ ಇತ್ತು. 335ರಲ್ಲಿ ಅದು 19ರ ಹತ್ತಿರ. ತೂತಿನೊಳಗೆ ಒಮ್ಮೆ ಬಗ್ಗಿ ನೋಡಿದ್ದರೆ ಮುಗಿದಿತ್ತು. ಆ ತೂತಿಗಾಗಿ ಸಾಯುತ್ತಿದ್ದವನು ತೂತಿನೊಳಗೆ ಏನಿದೆ ಅಂತ ನೋಡಲೇ ಇಲ್ಲ.

ಈಗ ವಾಲ್‌ಪೇಪರ್. ಊರಿಂದ ಬೆಳಗಿನ ಜಾವ ಬಸ್ಸಿನಲ್ಲಿ ವಾಪಸ್ ಬರುವಾಗ ಫೋನ್ ತೆಗೆದೆ. ಕಿಂಗ್ ಅದೇ ಭಂಗಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ದ. ಗಿಟಾರಿನ ಮೈ ನೋಡಿದೆ. ಜೂಮ್ ಮಾಡಿ ನೋಡಿದೆ. ತೂತೇ ಇಲ್ಲ! ಎರಡು ವರ್ಷದಿಂದ ದಿನಕ್ಕೆ ನೂರು ಸಲ ನೋಡಿದ ಫೋಟೋ. ಆಮೇಲೆ ಓದಿ ತಿಳಿದುಕೊಂಡೆ. ಕಿಂಗ್ ನುಡಿಸುತ್ತಿದ್ದದ್ದು 335ರ ಸಿಂಗಾರದ ಅಕ್ಕ ಇಎಸ್-355. ಸ್ಟೇಜಿನಲ್ಲಿ ಅರಚುತ್ತದೆ ಅಂತ ಅವನೂ ತೂತಿಗೆ ಬಟ್ಟೆ ತುರುಕುತ್ತಿದ್ದನಂತೆ. 1980ರಲ್ಲಿ ಗಿಬ್ಸನ್ನಿನವರು ಅವನ ಹೆಸರಿನ 'ಲೂಸಿಲ್' ಮಾಡೆಲ್ ತಂದಾಗ ಎಫ್ ತೂತನ್ನು ಪೂರ್ತಿ ತೆಗೆದೇಬಿಟ್ಟರು. ಅಂದರೆ ನಾನು, ಈಗ ನೀವು, 'ಕಿಂಗ್ ತರಹ' ಅಂತ ಹುಡುಕುತ್ತಿರುವ ತೂತು ಕಿಂಗಿಗೇ ಬೇಡವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಅವನ ಸ್ವರ ಬೇಕು ಅಂದರೆ ಗಿಟಾರಿನ ಮೈಯಲ್ಲಿ ಹುಡುಕಬೇಡಿ. ಲೂಸಿಲ್ ಅನ್ನುವುದೂ ಯಾವುದೋ ಒಂದೇ ಗಿಟಾರಿನ ಹೆಸರಲ್ಲ. 1949ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಅನ್ನುವ ಊರಲ್ಲಿ ಅವನು ನುಡಿಸುತ್ತಿದ್ದ ಜಾಗದಲ್ಲಿ ಇಬ್ಬರು ಹೊಡೆದಾಡಿ, ಚಳಿಗೆ ಉರಿಸಿದ್ದ ಸೀಮೆಎಣ್ಣೆಯ ಡ್ರಮ್ಮು ಉರುಳಿ ಬೆಂಕಿ ಹತ್ತಿತು. ಗಿಟಾರ್ ತರಲು ಅವನು ಮತ್ತೆ ಒಳಗೆ ನುಗ್ಗಿದ. ಜಗಳ ಲೂಸಿಲ್ ಅನ್ನುವ ಹೆಂಗಸಿನ ವಿಷಯಕ್ಕೆ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಂದ ಮುಂದೆ ತನ್ನ ಕೈಗೆ ಬಂದ ಗಿಟಾರಿಗೆಲ್ಲ ಅದೇ ಹೆಸರು. ಗಿಟಾರ್ ಬದಲಾಗುತ್ತಾ ಹೋಯಿತು, ಕೈ ಮಾತ್ರ ಅದೇ. ಇನ್ನೊಂದು, ಆಂಪ್ ಅಂದರೆ ಹಳೇ ಕಾಲದ ಗಾಜಿನ ವಾಲ್ವ್ ಇರುವ ಆಂಪೇ ಅಂತ ಕೆಲವರು ನಿಮ್ಮ ತಲೆ ತಿನ್ನುತ್ತಾರೆ. ಅವನು ವರ್ಷಗಟ್ಟಲೆ ಬಳಸಿದ ಲ್ಯಾಬ್ ಸೀರೀಸ್ ಎಲ್5 ಸಾದಾ ಟ್ರಾನ್ಸಿಸ್ಟರ್ ಆಂಪು.

ನನ್ನನ್ನು ಕೇಳಿದರೆ, ಹಂಬಕರ್ ಇರುವ ಒಂದು ಸೆಕೆಂಡ್ ಹ್ಯಾಂಡ್ ಸಾಲಿಡ್ ಬಾಡಿ ತಗೊಂಡು, ಉಳಿದ ದುಡ್ಡಿಗೆ ಒಳ್ಳೆಯ ಆಂಪ್ ತಂದು, ಆರು ತಿಂಗಳು ಆ ಚಿಟ್ಟೆ ಅಲ್ಲಾಟ ಒಂದನ್ನೇ ಸಾಧನೆ ಮಾಡಿ. ಕೇಳಲ್ಲ ಅಲ್ವಾ? ಗೊತ್ತು, ನಾನೂ ಕೇಳುತ್ತಿರಲಿಲ್ಲ. "ಸ್ಟೇಜ್ ಹತ್ತಲ್ಲ, ರೂಮಲ್ಲೇ ನುಡಿಸೋದು" ಅಂತ ಬರೆದಿದ್ದೀರಿ. ಎಲ್ಲರೂ ಹಾಗೇ ಅನ್ನುತ್ತಾರೆ, ಕಾಲೇಜ್ ಡೇ ಬರುವ ತನಕ.

ಸರಿ, ಹಠ ಬಿಡಲ್ಲ ಅನ್ನುವುದಾದರೆ, ನಡುವೆ ದಿಮ್ಮಿ ಇರುವುದನ್ನೇ ತಗೊಳ್ಳಿ. ಐಬನೆಜ್ ಕಂಪನಿಯ ಆರ್ಟ್‌ಕೋರಿನಲ್ಲಿ ಹೆಸರು ಎಎಸ್ ಅಂತ ಶುರುವಾದರೆ ಸೆಮಿ, ಎಎಫ್ ಅಂತಾದರೆ ಪೂರ್ತಿ ಟೊಳ್ಳು. ಒಂದಕ್ಷರದಲ್ಲಿ ಕೆಲಸ ಕೆಡುತ್ತದೆ. ಎಪಿಫೋನಿನಲ್ಲಿ ಡಾಟ್ ಅಥವಾ ಇಎಸ್-335, ಕಸೀನೋ ಬೇಡ. ಗ್ರೆಚ್ ಕಂಪನಿಯ ಸ್ಟ್ರೀಮ್‌ಲೈನರಿನಲ್ಲಿ ಎರಡೂ ಜಾತಿ ಇದೆ, 'ಸೆಂಟರ್ ಬ್ಲಾಕ್' ಅಂತ ಬರೆದಿದ್ದರೆ ಮಾತ್ರ ಮುಟ್ಟಿ. ಹೊಸದಕ್ಕೆ 30 ಸಾವಿರ ಪೂರ್ತಿ ಸುರಿಯಬೇಡಿ. ಸೆಕೆಂಡ್ ಹ್ಯಾಂಡ್ ಹುಡುಕಿ, ಸೆಟಪ್ಪಿಗೆ (ತಂತಿಯ ಎತ್ತರ, ಕುತ್ತಿಗೆ ಸರಿಮಾಡಿಸುವುದಕ್ಕೆ) ಮತ್ತು ಆಂಪಿಗೆ ಅಂತ ಏಳೆಂಟು ಸಾವಿರ ಎತ್ತಿಡಿ.

ಅಂಗಡಿಯಲ್ಲಿ ಫೋನಿನ ಟಾರ್ಚನ್ನು ಒಂದು ತೂತಿಗೆ ಹಿಡಿಯಿರಿ. ಬೆಳಕು ಆ ಕಡೆಯ ತೂತಿನಿಂದ ಚೆನ್ನಾಗಿ ಹೊರಗೆ ಬಂದರೆ ಟೊಳ್ಳು. ಮರದ ಗೋಡೆ ಅಡ್ಡ ಬಂದರೆ ಸರಿ. ಬ್ರಿಡ್ಜಿನ ಕೆಳಗೆ ಮಾತ್ರ ಒಂದು ಚಿಕ್ಕ ತುಂಡು ಇಟ್ಟಿರುವ ಗಿಟಾರೂ ಉಂಟು, ಉದ್ದಕ್ಕೂ ನೋಡಿ. ಮಾರುವವನು ಹುಬ್ಬು ಗಂಟು ಹಾಕಿದರೆ ಹಾಕಲಿ.

ನನ್ನ ಕೆಂಪು ಗಿಟಾರನ್ನು 14,000ಕ್ಕೆ ಒಬ್ಬರು ಮೇಷ್ಟ್ರು ತಗೊಂಡರು. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ಜಾಜ್ ನುಡಿಸುತ್ತಾರೆ, ಈಗಲೂ ಖುಷಿಯಾಗಿದ್ದಾರೆ. ನನ್ನ ಬಳಿ ಈಗ ಇರುವುದು ದಿಮ್ಮಿ ಇರುವ ಒಂದು ಹಳೇ ಸೆಮಿ-ಹಾಲೋ. ಅರಚುವುದಿಲ್ಲ. ಆದರೆ ಹೋದ ತಿಂಗಳು ಆಂಪಿನ ವೈರು ಚುಚ್ಚುವ ಜಾಕಿನ ನಟ್ಟು ಸಡಿಲವಾಗಿ ಜಾಕ್ ಹೊಟ್ಟೆಯೊಳಗೆ ಬಿತ್ತು. ಸಾಲಿಡ್ ಬಾಡಿಯಲ್ಲಾದರೆ ಎರಡು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಇದರಲ್ಲಿ ಎಫ್ ತೂತಿನಿಂದ ದಾರ ಇಳಿಬಿಟ್ಟು, ಜಾಕಿಗೆ ಗಂಟು ಹಾಕಿ, ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ ಎಳೆಯಬೇಕು. ಭಾನುವಾರ ಮಧ್ಯಾಹ್ನ ಎರಡು ಗಂಟೆ ಹಿಡಿಯಿತು. ಹೆಂಡತಿ ಟಾರ್ಚ್ ಹಿಡಿದಿದ್ದಳು.