ಗಾಡಿ ಮೊದಲೇ ಹೋಗಲಿಲ್ಲ, ಟೈಮು ಬದಲಾಗಿತ್ತು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಯಾಸೆಂಜರ್ ಗಾಡಿಯ ಟೈಮಿನವೇ. ವರ್ಷಗಟ್ಟಲೆ ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿ ಓಡಿಸಿದವನು ನಾನು. ಇವೇ ಪ್ರಶ್ನೆಗಳನ್ನು ಆಗಲೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಪಾಸ್ ಮಾಡಿಸುವುದು ಹೇಗೆ ಅನ್ನುವಂಥವನ್ನು ಬಿಟ್ಟಿದ್ದೇನೆ. ಅದನ್ನು ಕೌಂಟರಿನಲ್ಲೇ ಹೇಳುತ್ತಾರೆ.

ಮೊದಲು ಒಬ್ಬ ಓದುಗರ ಪ್ರಶ್ನೆ: ಕೊಪ್ಪಳದಿಂದ ದಿನಾ ಬಳ್ಳಾರಿಗೆ ಕೆಲಸಕ್ಕೆ ಬರುತ್ತೇನೆ. ಜೋಡಿ ಹಳಿ ಆಯಿತು, ಕರೆಂಟ್ ಇಂಜಿನ್ ಬಂತು. ಆದರೂ ಟೈಮು ಹಿಂದೆ ಮುಂದೆ ಆಗುತ್ತಲೇ ಇದೆ. ಗಾಡಿ ಕಂಟೋನ್ಮೆಂಟ್ ಸ್ಟೇಷನ್ ಬಿಟ್ಟಿತು ಅಂದರೆ ಬಳ್ಳಾರಿ ಕೂಗಳತೆ ದೂರ. ಅಷ್ಟಕ್ಕೆ ಟೈಂ ಟೇಬಲಿನಲ್ಲಿ ಅರ್ಧ ಗಂಟೆ ಹತ್ತಿರ ಕೊಟ್ಟಿದ್ದಾರೆ. ನಮ್ಮನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲವೇ?

ಕಂಟ್ರೋಲ್ ಚಾರ್ಟ್ ಅಂತ ಒಂದು ದೊಡ್ಡ ಹಾಳೆ ಇರುತ್ತದೆ. ಅಡ್ಡಕ್ಕೆ ಗಂಟೆ ನಿಮಿಷ, ಉದ್ದಕ್ಕೆ ಸ್ಟೇಷನ್ನುಗಳು. ಒಂದೊಂದು ಗಾಡಿಯೂ ಅದರ ಮೇಲೆ ಒಂದೊಂದು ಓರೆ ಗೆರೆ. ಎಕ್ಸ್‌ಪ್ರೆಸ್ಸಿನ ಗೆರೆ ಕಡಿದಾಗಿ ಇಳಿಯುತ್ತದೆ. ನಿಮ್ಮ ಪ್ಯಾಸೆಂಜರ್ ಮುನಿರಾಬಾದ್, ಪಾಪಿನಾಯಕನಹಳ್ಳಿ, ದರೋಜಿ ಅಂತ ಎಲ್ಲ ಕಡೆ ನಿಲ್ಲುತ್ತದೆ, ಹಾಗಾಗಿ ಅದರ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ ಅದನ್ನು ದಾಟಬೇಕಾದರೆ ಪ್ಯಾಸೆಂಜರನ್ನು ಎಲ್ಲೋ ಒಂದು ಕಡೆ ಲೂಪ್ ಲೈನಿಗೆ, ಅಂದರೆ ಸ್ಟೇಷನ್ನಿನಲ್ಲಿ ಮೇನ್ ಲೈನಿನ ಪಕ್ಕದ ಹಳಿಗೆ, ಹಾಕಲೇಬೇಕು. ಜೋಡಿ ಹಳಿ ಇದ್ದರೆ ಎದುರಿನ ಗಾಡಿಗೆ ಕಾಯುವುದು ತಪ್ಪುತ್ತದೆ. ಹಿಂದಿನ ಗಾಡಿಗೆ ದಾರಿ ಬಿಡುವುದು ತಪ್ಪುವುದಿಲ್ಲ.

ಇದರ ಜೊತೆಗೆ ಗೂಡ್ಸು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರಬೇಕು, ಅದಿರು ಬರಬೇಕು, ಉಕ್ಕು ಹೊರಗೆ ಹೋಗಬೇಕು. ಗಿಣಿಗೇರಾದಲ್ಲಿ ಗಂಗಾವತಿ ಕಡೆಯ ಒಂಟಿ ಹಳಿ ಬಂದು ಸೇರುತ್ತದೆ. 2024ರಲ್ಲಿ ಸಿಂಧನೂರಿಗೂ ರೈಲು ಬಂದ ಮೇಲೆ ಆ ಹಳಿಯ ಗಾಡಿಗೂ ಮುಖ್ಯ ಹಳಿಯಲ್ಲಿ ಜಾಗ ಮಾಡಿಕೊಡಬೇಕು. ಗುಂತಕಲ್ಲಿನ ಆಚೆ ಎಲ್ಲೋ ಒಂದು ಎಕ್ಸ್‌ಪ್ರೆಸ್ಸನ್ನು ಹತ್ತು ನಿಮಿಷ ಹಿಂದಕ್ಕೆ ಹಾಕಿದರೂ ಅದರ ಗೆರೆ ಇಲ್ಲಿ ನಿಮ್ಮ ಗೆರೆಗೆ ತಾಗುತ್ತದೆ. ಆಗ ಸರಿಯುವುದು ಯಾವಾಗಲೂ ಪ್ಯಾಸೆಂಜರೇ. ಇದು ನನಗೆ ಆಗಲೂ ಸರಿ ಕಾಣುತ್ತಿರಲಿಲ್ಲ. ಎಕ್ಸ್‌ಪ್ರೆಸ್ಸಿನಲ್ಲಿ ಕೂತವನು ವರ್ಷಕ್ಕೆ ಎರಡು ಸಲ ಬರುತ್ತಾನೆ. ಪಾಸಿನವರು ದಿನಾ ಬರುತ್ತಾರೆ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಇನ್ನು ಆ ಅರ್ಧ ಗಂಟೆ. ಹಳಿ ಕೆಲಸ ನಡೆಯುವ ಕಡೆ ಗಾಡಿ ನಿಧಾನ ಹೋಗಬೇಕಾಗುತ್ತದೆ, ಬೇರೆ ಬೇರೆ ಕಾರಣಕ್ಕೆ ತಡವೂ ಆಗುತ್ತದೆ. ಅದನ್ನು ತುಂಬಿಕೊಳ್ಳಲು ಟೈಂ ಟೇಬಲಿನಲ್ಲೇ ಕೆಲವು ನಿಮಿಷ ಜಾಸ್ತಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಇಡುವುದು ಕೊನೆಯ ಸ್ಟೇಷನ್ನಿನ ಅಥವಾ ದೊಡ್ಡ ಜಂಕ್ಷನ್ನಿನ ಹಿಂದೆ. ಯಾಕೆಂದರೆ ಗಾಡಿ ಸಮಯಕ್ಕೆ ಬಂತೋ ಇಲ್ಲವೋ ಅನ್ನುವ ಲೆಕ್ಕ ಹಿಡಿಯುವುದು ಅದು ಕೊನೆ ಮುಟ್ಟುವ ಊರಿನಲ್ಲಿ. ನಡುವೆ ದರೋಜಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದರೂ ಆ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಅಲ್ಲಿ ಇಳಿದು ಶಾಲೆಗೆ ಓಡುವ ಮೇಡಂಗೆ ಮಾತ್ರ ಕಾಣುತ್ತದೆ. ಈ ಲೆಕ್ಕ ಬದಲಾಗಬೇಕು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಾಗಾದರೆ ಏನು ಮಾಡಬೇಕು? "ಹಳೇ ಟೈಮಿಗೇ ಓಡಿಸಿ" ಅಂತ ಮನವಿ ಬರೆಯಬೇಡಿ. ಹಳೇ ಗೆರೆಯ ಜಾಗದಲ್ಲಿ ಈಗ ಬೇರೆ ಗಾಡಿ ಇರುತ್ತದೆ. 2020ರಲ್ಲಿ ಐಐಟಿ ಬಾಂಬೆಯ ನೆರವಿನಿಂದ ಇಡೀ ದೇಶದ ಟೈಂ ಟೇಬಲನ್ನೇ ಸೊನ್ನೆಯಿಂದ ಬರೆಯಲು ಹೊರಟರು. ಹಳಿ ರಿಪೇರಿಗೆ ಅಂತ ಗಂಟೆಗಟ್ಟಲೆ ಬಿಡುವು ಬೇರೆ ಇಟ್ಟರು. ಆ ಹಳೇ ಹಾಳೆ ತಿರುಗಿ ಬರುವುದಿಲ್ಲ.

ಎಷ್ಟು ನಿಮಿಷ ಹಿಂದೆ ಮುಂದೆ ಆಗಬೇಕು ಅನ್ನುವುದನ್ನಷ್ಟೇ ಕೇಳಿ. ಗಾಡಿ ನಂಬರ್, ನಿಮ್ಮ ಸ್ಟೇಷನ್, ಈಗಿನ ಟೈಮು, ಬೇಕಾದ ಟೈಮು ಬರೆಯಿರಿ. ಎಷ್ಟು ಗಂಟೆಗೆ ಆಫೀಸು, ಯಾವ ಬಸ್ಸು ತಪ್ಪುತ್ತದೆ ಅನ್ನುವುದನ್ನೂ ಸೇರಿಸಿ. ಹದಿನೈದು ದಿನ ಗಾಡಿ ನಿಜವಾಗಿ ಎಷ್ಟಕ್ಕೆ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಅದನ್ನೇ ಲಗತ್ತಿಸಿ. ಪಾಸಿನವರ ಸಹಿ ತೆಗೆದುಕೊಳ್ಳಿ, ಪಾಸ್ ನಂಬರ್ ಸಮೇತ. ಒಂದು ಪ್ರತಿ ಸ್ಟೇಷನ್ ಮಾಸ್ತರಿಗೆ, ಒಂದು ಹುಬ್ಬಳ್ಳಿಯ ಡಿಆರ್‌ಎಂ, ಅಂದರೆ ರೈಲ್ವೆ ವಿಭಾಗದ ಮುಖ್ಯಸ್ಥರ ಆಫೀಸಿಗೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ವಿಭಾಗದಲ್ಲಿ ಪ್ರಯಾಣಿಕರ ಸಲಹಾ ಸಮಿತಿ ಇದೆ, ಅದರ ಸದಸ್ಯರಿಗೂ ಒಂದು ಪ್ರತಿ ಮುಟ್ಟಲಿ. ಮುಖ್ಯವಾಗಿ, ಬೇಗ ಕೊಡಿ. ಮೊದಲು ಜುಲೈನಲ್ಲಿ ಬರುತ್ತಿದ್ದ ಹೊಸ ಟೈಂ ಟೇಬಲು 2025ರಲ್ಲಿ ಜನವರಿ 1ಕ್ಕೆ ಬಂತು. ವಲಯ ವಲಯದವರು ಕೂತು ಗೆರೆ ಹೊಂದಿಸುವುದು ಅದಕ್ಕೂ ತಿಂಗಳುಗಟ್ಟಲೆ ಮೊದಲು. ಡಿಸೆಂಬರಿನಲ್ಲಿ ಕೊಟ್ಟ ಅರ್ಜಿ ಸುಮ್ನೆ ಫೈಲಿಗೆ ಹೋಗುತ್ತದೆ. ಮಳೆಗಾಲದಲ್ಲೇ ಕೊಡಿ. ಹತ್ತು ನಿಮಿಷ ಕೇಳಿದವರಿಗೆ ಏಳು ನಿಮಿಷ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಗಾಡಿ ಐದು ನಿಮಿಷ ಮೊದಲೇ ಹೊರಟುಹೋಯಿತು. ದೂರು ಯಾರಿಗೆ?

ಟೈಮಿಗಿಂತ ಮೊದಲು ಗಾಡಿ ಬಿಡುವಂತಿಲ್ಲ. ನೀವು ನೋಡಿದ್ದು ಹಳೇ ಟೈಮು, ಅಲ್ವಾ? ವಾಟ್ಸಾಪಿನಲ್ಲಿ ಬಂದ ಪಟ್ಟಿ ನಂಬಬೇಡಿ. 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯ ಎನ್‌ಟಿಇಎಸ್ ಆಪ್ ನೋಡಿ.

ಮೊಬೈಲಿನಲ್ಲಿ ಇಪ್ಪತ್ತೈದು ನಿಮಿಷ ಲೇಟ್ ಅಂತಿತ್ತು. ನಿಧಾನ ಹೋದೆ, ಗಾಡಿ ತಪ್ಪಿತು.

ತಪ್ಪದೆ ಇನ್ನೇನಾಗುತ್ತದೆ? ಮೇಲೆ ಹೇಳಿದ ಆ ಜಾಸ್ತಿ ನಿಮಿಷಗಳು ನಡುವೆ ಇದ್ದರೆ ಗಾಡಿ ತಡವನ್ನು ಅಲ್ಲೇ ನುಂಗಿಬಿಡುತ್ತದೆ. ಖಾಸಗಿ ಆಪುಗಳು ಅಂದಾಜಿನ ಮೇಲೆ ಹೇಳುತ್ತವೆ. ನಾನು ಇವತ್ತಿಗೂ ಟೈಮಿಗೆ ಹದಿನೈದು ನಿಮಿಷ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ.

ನಮ್ಮೂರಲ್ಲಿ ಒಬ್ಬರು ತಲೆಗೆ ಇನ್ನೂರು ರೂಪಾಯಿ ಕೊಟ್ಟರೆ ಟೈಮು ಬದಲಿಸಿ ಕೊಡಿಸುತ್ತೇನೆ ಅನ್ನುತ್ತಿದ್ದಾರೆ.

ಕೊಡಬೇಡಿ. ಕೊಟ್ಟಿದ್ದರೆ ವಾಪಸ್ ಕೇಳಿ. ಟೈಂ ಟೇಬಲು ದುಡ್ಡು ಕೊಟ್ಟರೆ ಬದಲಾಗುವಂಥದ್ದಲ್ಲ, ಅರ್ಜಿಗೆ ಶುಲ್ಕವೂ ಇಲ್ಲ. ದಿನಗೂಲಿಯವರ ಹತ್ತಿರ ಹೀಗೆ ವಸೂಲಿ ಮಾಡುವವರನ್ನು ಪೊಲೀಸರಿಗೆ ಹಿಡಿದು ಕೊಡಬೇಕು.

ರಾಯಚೂರಿನಿಂದ ಹುಬ್ಬಳ್ಳಿಗೆ ಅರ್ಜಿ ಕಳಿಸಿದೆವು. ಉತ್ತರವಿಲ್ಲ.

ರಾಯಚೂರು ಸ್ಟೇಷನ್ ಹುಬ್ಬಳ್ಳಿ ವಿಭಾಗದ್ದಲ್ಲ. ಯಾವ ವಿಳಾಸಕ್ಕೆ ಅಂತ ನಿಮ್ಮ ಸ್ಟೇಷನ್ ಮಾಸ್ತರನ್ನೇ ಕೇಳಿ.

ರೈಲು ತಡೆದರೆ ಬೇಗ ಕೆಲಸ ಆಗುತ್ತದೆ ಅನ್ನುತ್ತಾರೆ.

ರೈಲ್ವೆ ಕಾಯ್ದೆಯ 174ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು. ಕೆಲಸಕ್ಕೆ ಹೋಗುವ ಹುಡುಗರ ಮೇಲೆ ಕೇಸು ಬೀಳಿಸಬೇಡಿ.

ಟೈಮು ಬದಲಾದ ಮೇಲೆ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ಮೇಲ್ಸೇತುವೆ ದೂರ, ಎಲ್ಲರೂ ಹಳಿ ದಾಟಿಯೇ ಹತ್ತುತ್ತಾರೆ.

ಬೇಡ. ನಿಮ್ಮ ಗಾಡಿಯನ್ನು ಲೂಪಿಗೆ ಹಾಕಿದ್ದಾರೆ ಅಂದರೆ ಮೇನ್ ಲೈನಿನಲ್ಲಿ ಇನ್ನೊಂದು ಗಾಡಿ ನಿಲ್ಲದೆ ಬರುತ್ತಿದೆ ಅಂತಲೇ ತಿಳಿಯಿರಿ. ಕರೆಂಟ್ ಇಂಜಿನ್ನಿನ ಸದ್ದು ಹತ್ತಿರ ಬರುವವರೆಗೆ ಕೇಳಿಸುವುದಿಲ್ಲ. ಆ ಗಾಡಿ ತಪ್ಪಿದರೆ ತಪ್ಪಲಿ, ಮೇಲ್ಸೇತುವೆ ಹತ್ತಿಯೇ ಬನ್ನಿ.