1:87 ಅಳತೆಯ ಐಸಿಎಫ್ ಬೋಗಿಗೆ ಹಳಿಯ ಅಗಲ ಎಷ್ಟಿರಬೇಕು?

ನಮಸ್ಕಾರ. ರಾಯಚೂರು ನಿಲ್ದಾಣದಲ್ಲಿ ನೀವು ಚಿಕ್ಕಂದಿನಲ್ಲಿ ಕಂಡ ಇಟ್ಟಿಗೆಗೆಂಪು ಬಣ್ಣದ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಯ ಮಾದರಿಯನ್ನು 1:87 ಅಳತೆಯಲ್ಲಿ, ಅಂದರೆ ನಿಜದ ಬೋಗಿಯ 87ನೇ ಒಂದು ಭಾಗದಷ್ಟು ಗಾತ್ರದಲ್ಲಿ, ಮಾಡುತ್ತಿರುವುದಾಗಿ ತಿಳಿಸಿ, ಅಂಗಡಿಯ 16.5 ಮಿ.ಮೀ. ಹಳಿಯ ಮೇಲಿಟ್ಟಾಗ ಅದು ತಲೆಭಾರವಾಗಿ ಕಾಣುವುದೇಕೆಂದು ಕೇಳಿದ್ದೀರಿ.

ದೋಷ ನಿಮ್ಮ ಕೈಕೆಲಸದ್ದಲ್ಲ. ಆ ಹಳಿ 1435 ಮಿ.ಮೀ. ಅಗಲದ ವಿದೇಶಿ ಮಾರ್ಗಗಳಿಗೆ ಹೊಂದುವಂಥದ್ದು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಇರುವುದರಿಂದ, 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಮುಂಬೈ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಮಾರ್ಗವೂ ಮದ್ರಾಸಿನ ಮಾರ್ಗವೂ 1871ರಲ್ಲಿ ನಿಮ್ಮ ರಾಯಚೂರಿನಲ್ಲೇ ಕೂಡಿದ್ದು ಈ ಅಗಲದ ಹಳಿಯ ಮೇಲೆಯೇ. ಬೋಗಿಯ ಒಡಲು 21,337 ಮಿ.ಮೀ. ಉದ್ದ, 3,245 ಮಿ.ಮೀ. ಅಗಲವಿದ್ದು, ಮಾದರಿಯಲ್ಲಿ 245 ಮತ್ತು 37.3 ಮಿ.ಮೀ. ಆಗುತ್ತದೆ.

ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಾದರೆ 19.3 ಮಿ.ಮೀ. ಅಂತರದಲ್ಲಿ ಹಳಿಯನ್ನು ಕೈಯಾರೆ ಜೋಡಿಸಿ, ಗಾಲಿಗಳಿಗೆ ಉದ್ದನೆಯ ಅಚ್ಚು ಹಾಕಿಕೊಳ್ಳುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ. ಓಡಿಸಲೇಬೇಕೆಂದಿದ್ದರೆ ಗಾಲಿಗಳು 16.5ರಲ್ಲೇ ಇರಲಿ, ಆದರೆ ಅವುಗಳ ಹೊರಚೌಕಟ್ಟನ್ನು ಬ್ರಾಡ್‌ಗೇಜ್ ಅಳತೆಯಷ್ಟೇ ಹೊರಗೆ ಕೂರಿಸಿದರೆ ಪಕ್ಕದಿಂದ ನೋಡುವವರಿಗೆ ಕೊರತೆ ಎದ್ದು ಕಾಣುವುದಿಲ್ಲ. ಇಡೀ ಬೋಗಿಯನ್ನು ಸುಮಾರು 1:101ಕ್ಕೆ ಕುಗ್ಗಿಸುವ ದಾರಿಯೂ ಉಂಟು, ಆದರೆ ಆಗ ಮಾರುಕಟ್ಟೆಯ 1:87ರ ಪ್ರಯಾಣಿಕರ ಗೊಂಬೆಗಳು ಬಾಗಿಲಿಗಿಂತ ದೊಡ್ಡವಾಗಿ ಕಂಡಾವು.

ಕಿಟಕಿಯ ಅಡ್ಡ ಸರಳುಗಳನ್ನು ಒಡಲಿಗೆ ಬಣ್ಣ ಬಳಿದು ಒಣಗಿದ ಮೇಲೆಯೇ ಒಳಗಿನಿಂದ ಅಂಟಿಸಿ. 1 ಸೆಂ.ಮೀ. ದಪ್ಪದ ಸರಳು ಈ ಅಳತೆಯಲ್ಲಿ 0.12 ಮಿ.ಮೀ. ಮಾತ್ರ, ಬಣ್ಣದ ಒಂದು ಪದರವೂ ಅದನ್ನು ದಪ್ಪವಾಗಿಸುತ್ತದೆ.

ಮುಂದೆ ಹೊಸಪೇಟೆ–ಕೊಪ್ಪಳ–ಗದಗ ಮಾರ್ಗದ ಹಳೆಯ ಮೀಟರ್‌ಗೇಜ್ ಬೋಗಿ ಮಾಡುವ ಮನಸ್ಸಿದ್ದರೆ 12 ಮಿ.ಮೀ. ಹಳಿ ಬಳಸಿ; ಲೆಕ್ಕಕ್ಕೆ 11.5 ಬೇಕಾದರೂ ಆ ಅರ್ಧ ಮಿ.ಮೀ. ಕಣ್ಣಿಗೆ ಬೀಳದು.