ಗರ್ಭನಷ್ಟದ ಎಣಿಕೆ ಎಲ್ಲಿ ಸೋರಿಹೋಗುತ್ತದೆ

ಗ್ರಾಮೀಣ ಬಡ ಸಮುದಾಯಗಳ ಮನೆಮನೆ ಸಮೀಕ್ಷೆಯಲ್ಲಿ ಗರ್ಭಪಾತ ಹಾಗೂ ನಿರ್ಜೀವ ಜನನಗಳು ಏಕೆ ಇಷ್ಟು ಕಡಿಮೆ ದಾಖಲಾಗುತ್ತವೆ ಎಂದು ತಾವು ಕೇಳಿದ್ದೀರಿ. ಪ್ರಶ್ನಾವಳಿಯು ಜೀವಂತ ಜನನಗಳನ್ನಷ್ಟೇ ಕ್ರಮವಾಗಿ ಕೇಳಿ ಉಳಿದುದನ್ನು ಕೊನೆಯ ಒಂದು ಪ್ರಶ್ನೆಗೆ ಬಿಟ್ಟಿದ್ದರೆ, ಕಾರಣ ಬಹುಮಟ್ಟಿಗೆ ಅಲ್ಲಿಯೇ ಇದೆ. ಪ್ರತಿಯೊಂದು ಗರ್ಭವೂ ಹೇಗೆ ಮುಗಿಯಿತೆಂಬುದನ್ನು ಸರದಿಯಲ್ಲಿ, ಮನೆಯವರಾರೂ ಎದುರಿಗಿಲ್ಲದಂತೆ ಕೇಳುವುದು ಲೇಸು. ನಿರ್ಜೀವ ಜನನಕ್ಕೆ, ಅಂತರರಾಷ್ಟ್ರೀಯ ಹೋಲಿಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಬಳಸುವ 28 ವಾರಗಳ ಗಡಿಯನ್ನೇ ಇಟ್ಟುಕೊಳ್ಳಿ.

ಆದರೆ ಮೊದಲ ವಾರಗಳ ನಷ್ಟವು ನೆನಪಿನಿಂದ ದೊರೆಯುವುದಿಲ್ಲ (ಎಷ್ಟೋ ಬಾರಿ ಅದು ಮಹಿಳೆಗೇ ತಡವಾದ ಮುಟ್ಟಿನಂತೆ ಕಂಡಿರುತ್ತದೆ). ಅದಕ್ಕೆ ಒಪ್ಪಿಗೆ ಪಡೆದು ನಿಯತವಾಗಿ ಮೂತ್ರ ಪರೀಕ್ಷೆ ನಡೆಸಬೇಕು. ಜೊತೆಗೆ ಪ್ರತಿ ಗರ್ಭವನ್ನೂ ಅದು ಪತ್ತೆಯಾದ ವಾರದಿಂದಷ್ಟೇ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ 16ನೆಯ ವಾರದಲ್ಲಿ ನೋಂದಣಿಯಾದ ಗರ್ಭಗಳೆಲ್ಲ ಅದುವರೆಗೆ ಉಳಿದುಬಂದವೇ ಆಗಿದ್ದು, ಅವನ್ನು ಆರಂಭದಿಂದಲೇ ಎಣಿಸಿದರೆ ನಷ್ಟದ ದರ ಕೃತಕವಾಗಿ ಕುಗ್ಗುತ್ತದೆ.